‘ಬರೀ ಚರ್ಮದ ಕಾಯಿಲೆ’ ಎಂಬ ಸಮಾಧಾನ

ಸೋರಿಯಾಸಿಸ್ ಇದೆ ಎಂದ ಕೂಡಲೇ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, ‘ಅಂಟುತ್ತಾ?’ ಇನ್ನೊಂದು, ‘ಬಿಡಿ, ಬರೀ ಚರ್ಮದ ಕಾಯಿಲೆ ತಾನೆ?’ ಮೊದಲನೆಯದಕ್ಕೆ ಉತ್ತರ ಸುಲಭ: ಅಂಟುವುದಿಲ್ಲ. ನನ್ನ ತಕರಾರಿರುವುದು ಎರಡನೆಯದರ ಬಗ್ಗೆ. ಸಮಾಧಾನ ಹೇಳಿದ ಹಾಗೆ ಕಾಣುವ ಈ ಮಾತು, ಕೀಲುಗಳು ಕೆಡುವ ತನಕ ರೋಗಿಯನ್ನು ಸುಮ್ಮನೆ ಕೂರಿಸುತ್ತದೆ.

ಸೋರಿಯಾಸಿಸ್‌ನಲ್ಲಿ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಉರಿಯೂತ ಎಬ್ಬಿಸುತ್ತದೆ. ಸುಮಾರು ಒಂದು ತಿಂಗಳಲ್ಲಿ ಬದಲಾಗಬೇಕಾದ ಚರ್ಮದ ಕೋಶಗಳು ಕೆಲವೇ ದಿನಗಳಲ್ಲಿ ಬೆಳೆದು ಹೊಟ್ಟಾಗಿ ಉದುರುತ್ತವೆ. ಕಣ್ಣಿಗೆ ಕಾಣುವುದು ಇಷ್ಟೆ. ಆದರೆ ಇಂಥದೇ ಉರಿಯೂತ ಕೀಲುಗಳಿಗೂ, ಸ್ನಾಯುರಜ್ಜು ಎಲುಬಿಗೆ ಸೇರುವ ಜಾಗಗಳಿಗೂ ಬರಬಹುದು. ಇದೇ ಸೋರಿಯಾಟಿಕ್ ಸಂಧಿವಾತ. ಸೋರಿಯಾಸಿಸ್ ಇರುವವರಲ್ಲಿ ಶೇ. 20ರಿಂದ 30ರಷ್ಟು ಮಂದಿಗೆ ಇದು ಬರುತ್ತದೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಸಾಮಾನ್ಯವಾಗಿ ಚರ್ಮದ ಕಲೆ ಮೊದಲು, ಕೀಲು ವರ್ಷಗಳ ನಂತರ; ಕೆಲವರಲ್ಲಿ ಇದು ತಿರುವುಮುರುವು. ಕಲೆ ಅಂಗೈಯಗಲವೇ ಇದ್ದರೂ ಕೀಲು ಹಿಡಿಯಬಹುದು.

ನನಗೆ ಇಪ್ಪತ್ತೆರಡಕ್ಕೆ ಮೊಣಕೈ ಮೇಲೆ ಕಲೆ ಕಾಣಿಸಿತು. ಇಪ್ಪತ್ತಾರಕ್ಕೆ ಬಲಗೈ ತೋರುಬೆರಳು ಬುಡದಿಂದ ತುದಿಯವರೆಗೆ ಏಲಕ್ಕಿ ಬಾಳೆಹಣ್ಣಿನ ಹಾಗೆ ಊದಿಕೊಂಡಿತು. ಚರ್ಮದ ಡಾಕ್ಟರು ಮೊಣಕೈ ನೋಡಿ ಮುಲಾಮು ಬರೆದರು. ಮೂಳೆ ಡಾಕ್ಟರು ಬೆರಳು ನೋಡಿ ‘ಟೈಪಿಂಗ್ ಕಡಿಮೆ ಮಾಡಿ’ ಎಂದರು. ಪಿಎಚ್‌ಡಿ ಮಾಡುವವಳಿಗೆ ಹೇಳುವ ಮಾತೇ ಅದು? ರಕ್ತದ ರುಮಟಾಯ್ಡ್ ಫ್ಯಾಕ್ಟರ್ ನೆಗೆಟಿವ್ ಬಂದದ್ದೇ ತಡ, ‘ವಾತವಿಲ್ಲ’ ಎಂದು ತೀರ್ಪಾಯಿತು. ಈ ಸಂಧಿವಾತದಲ್ಲಿ ಆ ಪರೀಕ್ಷೆ ಸಾಮಾನ್ಯವಾಗಿ ನೆಗೆಟಿವ್ ಆಗಿಯೇ ಬರುತ್ತದೆ! ಊರಿನವರ ತೀರ್ಪು ಬೇರೆ: ನಾಗದೋಷ. ಮೊಣಕೈ ಮತ್ತು ಬೆರಳು ಒಂದೇ ದೇಹದವು ಎಂದು ಒಬ್ಬರು ಗಮನಿಸುವಷ್ಟರಲ್ಲಿ ಹನ್ನೊಂದು ತಿಂಗಳು ಕಳೆದಿದ್ದವು. ರೋಗ ಗುರುತಿಸುವುದು ಆರು ತಿಂಗಳು ತಡವಾದರೂ ಕೀಲು ಸವೆದು ವಿರೂಪಗೊಳ್ಳುವ ಸಾಧ್ಯತೆ ಹೆಚ್ಚುತ್ತದೆ ಎಂದು ಐರ್ಲೆಂಡಿನ ಅಧ್ಯಯನವೊಂದು ತೋರಿಸಿದೆ.

ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೂ ಇದರಲ್ಲಿ ಪಾಲಿದೆ. ಚರ್ಮವೆಂದರೆ ನಮಗೆ ‘ಮೇಲುಮೇಲಿನದು’, ತೊಗಲು, ತೋರಿಕೆ. ಸತ್ಯವೇನಿದ್ದರೂ ಒಳಗೆ. ಚರ್ಮದ ಕಾಯಿಲೆ ಬರವಣಿಗೆಗೆ ಬಂದರೆ ನಾವು ಅದರಲ್ಲಿ ಪಾಪ, ಶಾಪ, ಅವಮಾನಗಳ ರೂಪಕ ಹುಡುಕುತ್ತೇವೆ. ಅಮೆರಿಕದ ಜಾನ್ ಅಪ್‌ಡೈಕ್ ತನ್ನ ಸೋರಿಯಾಸಿಸ್ ಬಗ್ಗೆ ಬರೆದದ್ದು ನಾಚಿಕೆಯ ಕಥೆಯಾಗಿ ಓದಲು ಹಿತವಾಗಿದೆ. ಬ್ರಿಟನ್ನಿನ ಡೆನಿಸ್ ಪಾಟರ್‌ಗೆ ಇದೇ ರೋಗ ಕೀಲುಗಳಿಗೂ ಬಂದಿತ್ತು. ಕೈಬೆರಳುಗಳು ಮಡಚಿಕೊಂಡೇ ಉಳಿದಿದ್ದವು. 1986ರಲ್ಲಿ ಬಿಬಿಸಿಯಲ್ಲಿ ಬಂದ ಅವನ ‘ದಿ ಸಿಂಗಿಂಗ್ ಡಿಟೆಕ್ಟಿವ್’ ಧಾರಾವಾಹಿಯ ಲೇಖಕ-ನಾಯಕ ಆಸ್ಪತ್ರೆಯ ಹಾಸಿಗೆಯಲ್ಲಿ ಅಲುಗಾಡಲಾರದೆ ಬಿದ್ದಿರುತ್ತಾನೆ. ಅಲ್ಲಿ ಚರ್ಮ ಮತ್ತು ಕೀಲು ಒಂದೇ ನೋವಿನವು. ಅದನ್ನೂ ನಾವು ಬರೀ ಅಪರಾಧಪ್ರಜ್ಞೆಯ ಸಂಕೇತವೆಂದು ಓದಿ ಮುಗಿಸಿದರೆ, ಪೆನ್ನು ಹಿಡಿಯಲಾಗದ ಆ ಕೈಯನ್ನು ನೋಡಿದವರು ಯಾರು?

‘ಎಲ್ಲರಿಗೂ ಬರುವುದಿಲ್ಲವಲ್ಲ, ಯಾಕೆ ಹೆದರಿಸುತ್ತೀರಿ?’ ಎಂದು ಕೇಳುವವರಿದ್ದಾರೆ. ಎಲ್ಲರಿಗೂ ಬರುವುದಿಲ್ಲ, ನಿಜ. ಆದರೆ ಯಾರಿಗೆ ಬರುತ್ತದೆಂದು ಮೊದಲೇ ಹೇಳಲಾಗದ ಕಾರಣಕ್ಕೇ ಎಲ್ಲರಿಗೂ ತಿಳಿದಿರಬೇಕು. ಬೇಗ ಗೊತ್ತಾದರೆ ಕೀಲು ಉಳಿಸಿಕೊಳ್ಳುವ ಔಷಧಗಳಿವೆ. ಬಯಾಲಾಜಿಕ್ ಚುಚ್ಚುಮದ್ದುಗಳು ಫೆಲೋಶಿಪ್ ಹಣಕ್ಕೆ ನಿಲುಕುವುದಿಲ್ಲ. ಆದರೆ ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಬೇಕಾದ ಮೆಥೋಟ್ರೆಕ್ಸೇಟ್ ದುಬಾರಿಯಲ್ಲ. ಸವೆದ ಕೀಲನ್ನು ಮಾತ್ರ ಯಾವ ಮಾತ್ರೆಯೂ ಮೊದಲಿನಂತೆ ಮಾಡುವುದಿಲ್ಲ.

ಸೋರಿಯಾಸಿಸ್ ಗಂಭೀರ ಕಾಯಿಲೆ ಎಂದು ವಿಶ್ವ ಆರೋಗ್ಯ ಸಭೆ 2014ರಲ್ಲೇ ನಿರ್ಣಯ ಮಾಡಿದೆ. ನಾನು ಕೇಳುತ್ತಿರುವುದು ಅದಕ್ಕಿಂತ ಚಿಕ್ಕದು. ಚರ್ಮದ ಡಾಕ್ಟರು ಮುಲಾಮು ಬರೆಯುವ ಮುನ್ನ ಪ್ರತಿ ಸಲವೂ ನಾಲ್ಕು ಪ್ರಶ್ನೆ ಕೇಳಲಿ: ಬೆಳಿಗ್ಗೆ ಎದ್ದಾಗ ಕೈಕಾಲು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿದಿರುತ್ತವೆಯೇ? ಹಿಮ್ಮಡಿ ನೋಯುತ್ತದೆಯೇ? ಯಾವುದಾದರೂ ಬೆರಳು ಇಡಿಯಾಗಿ ಊದಿತ್ತೇ? ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಗುಳಿಗಳಿವೆಯೇ? ಇದಕ್ಕೆ ಬೇಕಾದದ್ದು ಒಂದೇ ನಿಮಿಷ. ನಿಮ್ಮ ಗೆಳೆಯರಿಗೋ ಮನೆಯವರಿಗೋ ಈ ಕಲೆಗಳಿದ್ದರೆ, ‘ಬರೀ ಚರ್ಮ ತಾನೆ’ ಎನ್ನುವ ಬದಲು ನೀವೂ ಇವನ್ನೇ ಕೇಳಿ.