ಮರೆಯಲ್ಲಿ ಬರೆದ ಷರಾ ಯಾರನ್ನು ತಿದ್ದೀತು?

ಒಬ್ಬ ನೌಕರನ ಇಡೀ ವರ್ಷದ ದುಡಿಮೆಯನ್ನು ಒಂದೇ ಪದದಲ್ಲಿ ಅಳೆದು ಮುಗಿಸುವ ಪದ್ಧತಿ ನಮ್ಮ ಕಚೇರಿಗಳಿಗೆ ಹೊಸದಲ್ಲ. ಗಡಿ ರಸ್ತೆಗಳ ಸೇವೆಯಲ್ಲಿದ್ದ ಎಂಜಿನಿಯರೊಬ್ಬರ 1993-94ನೇ ಸಾಲಿನ ಗೋಪ್ಯ ವರದಿಯಲ್ಲಿ ಮೇಲಧಿಕಾರಿಗಳು ‘ಉತ್ತಮ’ ಎಂದು ಬರೆದಿದ್ದರು. ಆದರೆ ಬಡ್ತಿಗೆ ಬೇಕಾಗಿದ್ದುದು ಐದು ವರ್ಷಗಳ ‘ಅತ್ಯುತ್ತಮ’ ಷರಾ. ‘ಉತ್ತಮ’ವೆಂಬುದು ಪ್ರತಿಕೂಲ ಷರಾ ಅಲ್ಲವಾದ್ದರಿಂದ ಅದನ್ನು ಅವರಿಗೆ ತಿಳಿಸಿರಲಿಲ್ಲ. ಆ ಒಂದು ಪದದಿಂದಲೇ ಬಡ್ತಿ ಕೈತಪ್ಪಿತು. ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪು ನೀಡುವ ವೇಳೆಗೆ ಅವರು ನಿವೃತ್ತರಾಗಿದ್ದರು.

ಮರುವರ್ಷ, ಅಂದರೆ 2009ರಲ್ಲಿ, ಕೇಂದ್ರ ಸರ್ಕಾರವು ಪೂರ್ಣ ವರದಿಯನ್ನು ನೌಕರನ ಕೈಗೆ ಕೊಡಬೇಕೆಂದೂ ಆತನು 15 ದಿನಗಳೊಳಗೆ ಮನವಿ ಸಲ್ಲಿಸಬಹುದೆಂದೂ ಆದೇಶಿಸಿತು. ಗೋಪ್ಯತೆಯೇನೋ ತೊಲಗಿತು. ಆದರೆ ತಿಳಿಸಿದ ಮಾತ್ರಕ್ಕೆ ಮೌಲ್ಯಮಾಪನವು ಉಪಯುಕ್ತವಾಗುವುದೆ?

ಇಲ್ಲಿ ವ್ಯಕ್ತಿಗೂ ಆತನ ಕೃತಿಗೂ ಇರುವ ಭೇದವನ್ನು ನಾವು ಮನಗಾಣಬೇಕು. ‘ಇವರಿಗೆ ಹೊಣೆಗಾರಿಕೆ ಸಾಲದು’ ಎಂಬುದು ವ್ಯಕ್ತಿಯ ಮೇಲಿನ ತೀರ್ಪು; ಅದನ್ನು ಕೇಳಿದವನು ನೋಯಬಲ್ಲನೇ ಹೊರತು ನಾಳೆ ಏನು ಮಾಡಬೇಕೆಂದು ಅರಿಯಲಾರ. ‘ತಿಂಗಳ ಲೆಕ್ಕಪತ್ರ ಮೂರು ಸಲ ತಡವಾಯಿತು, ಅದರಿಂದ ಸಂಬಳದ ಬಟವಾಡೆ ನಿಂತಿತು, ಮುಂದೆ 25ನೇ ತಾರೀಖಿನೊಳಗೆ ಸಿದ್ಧವಾಗಲಿ’ ಎಂದರೆ ತಪ್ಪು ಯಾವುದು, ಅದರ ಪರಿಣಾಮವೇನು, ದಾರಿ ಯಾವುದು ಎಂಬ ಮೂರೂ ತಿಳಿಯುತ್ತವೆ. ಮೆಚ್ಚುಗೆಯೂ ಹಾಗೆಯೇ ನಿರ್ದಿಷ್ಟವಾಗಿರಬೇಕು.

ಜೂನ್ ತಿಂಗಳ ಲೋಪವನ್ನು ಮಾರ್ಚ್‌ವರೆಗೆ ಕೂಡಿಟ್ಟು ವರದಿಯಲ್ಲಿ ಹೊರಗೆಡಹುವುದು ತಿದ್ದುವ ರೀತಿಯಲ್ಲ. ಲೋಪ ಕಂಡಾಗಲೇ, ನಾಲ್ವರ ಮುಂದಲ್ಲದೆ ಏಕಾಂತದಲ್ಲಿ ಕರೆದು ಹೇಳಬೇಕು. ಹೇಳಿದ ಮೇಲೆ ಆತನ ಮಾತನ್ನೂ ಕೇಳಬೇಕು. ಓಚರುಗಳೇ ಬೇರೆ ವಿಭಾಗದಿಂದ ತಡವಾಗಿ ಬಂದಿದ್ದರೆ ಲೆಕ್ಕ ಬರೆಯುವವನನ್ನು ದೂರಿ ಫಲವೇನು?

ಇದಕ್ಕೆ ವಿರುದ್ಧವಾದ ದೋಷವೂ ನಮ್ಮಲ್ಲಿದೆ. ನಿಷ್ಠುರವಾಗಲಾರದೆ ಎಲ್ಲರಿಗೂ ‘ಅತ್ಯುತ್ತಮ’ವೆಂದು ಬರೆದು ಕೈತೊಳೆದುಕೊಳ್ಳುವುದು ದಾಕ್ಷಿಣ್ಯವಾದೀತೇ ವಿನಾ ಪ್ರೀತಿಯಾಗಲಾರದು. ಅದು ಪ್ರಾಮಾಣಿಕವಾಗಿ ದುಡಿದವನಿಗೆ ಬಗೆಯುವ ಅನ್ಯಾಯ. ಎಡವುತ್ತಿರುವವನಿಗೆ ತಿದ್ದಿಕೊಳ್ಳುವ ಅವಕಾಶವನ್ನೇ ಕಸಿಯುವ ಕ್ರೂರತೆ.

ನಮ್ಮ ಕುಟುಂಬಗಳಲ್ಲಿ ಅನೇಕರು ಶಾಲೆ, ಆಸ್ಪತ್ರೆ, ಬ್ಯಾಂಕು, ಕಚೇರಿಗಳಲ್ಲಿ ಇತರರ ಕೆಲಸವನ್ನು ತೂಗುವ ಸ್ಥಾನದಲ್ಲಿದ್ದಾರೆ. ಅವರು ಬರೆಯುವ ಒಂದು ಪದದ ಹಿಂದೆ ಒಂದು ಮನೆಯ ಅನ್ನವಿದೆ, ಮಕ್ಕಳ ವಿದ್ಯಾಭ್ಯಾಸವಿದೆ. ಎದುರು ಕುಳ್ಳಿರಿಸಿಕೊಂಡು ಹೇಳಲಾಗದ ಮಾತನ್ನು ಕಾಗದದ ಮೇಲೆ ಬರೆಯುವ ಅಧಿಕಾರ ತಮಗಿದೆಯೇ ಎಂದು ಸಹಿ ಹಾಕುವ ಮುನ್ನ ಅವರು ಯೋಚಿಸಲಿ.