ಸಂಪರ್ಕಿತ ವೈದ್ಯಕೀಯ ಸಂವೇದಕಗಳು ಮತ್ತು ವರ್ಚುವಲ್ ರಿಯಾಲಿಟಿ ತರಬೇತಿ: ಒಂದು ಅವಲೋಕನ

ಪೀಠಿಕೆ

ದೇಹದ ಸ್ಥಿತಿಯನ್ನು ಅಳೆದು, ಆ ಮಾಹಿತಿಯನ್ನು ಮೊಬೈಲ್ ಅಥವಾ ಅಂತರ್ಜಾಲದ ಮೂಲಕ ದೂರದ ವೈದ್ಯರಿಗೆ ತಲುಪಿಸುವ ಸಂವೇದಕಗಳು, ಅಂದರೆ ಸೆನ್ಸರ್‌ಗಳು, ಇಂದು ಆಸ್ಪತ್ರೆಯ ಗೋಡೆಗಳನ್ನು ದಾಟಿ ಮನೆಮನೆಗೂ ಬಂದಿವೆ. ರಕ್ತದೊತ್ತಡ, ರಕ್ತದ ಸಕ್ಕರೆ, ಹೃದಯ ಬಡಿತ ಹಾಗೂ ರಕ್ತದ ಆಮ್ಲಜನಕ ಪ್ರಮಾಣವನ್ನು ತೋರಿಸುವ ಉಪಕರಣಗಳು ಇವುಗಳಲ್ಲಿ ಮುಖ್ಯವಾದವು. ಉಪಕರಣಗಳ ಸಂಖ್ಯೆ ಹೆಚ್ಚಿದ ವೇಗದಲ್ಲಿ ಅವುಗಳನ್ನು ಸರಿಯಾಗಿ ಓದುವ ಕೌಶಲ ಹೆಚ್ಚಿಲ್ಲದಿರುವುದು ಇಂದಿನ ಡಿಜಿಟಲ್ ಆರೋಗ್ಯ ವ್ಯವಸ್ಥೆಯ ಮುಂದಿರುವ ಪ್ರಮುಖ ಪ್ರಶ್ನೆಯಾಗಿದೆ.

ನಡೆದು ಬಂದ ದಾರಿ

ಕರ್ನಾಟಕಕ್ಕೆ ದೂರವೈದ್ಯಕೀಯ ಸೇವೆ ಹೊಸದಲ್ಲ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಉಪಗ್ರಹ ಸಂಪರ್ಕದ ನೆರವಿನಿಂದ 2002ರಲ್ಲಿಯೇ ಚಾಮರಾಜನಗರ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಜೋಡಿಸಲಾಗಿತ್ತು. ಅಂದಿನ ವ್ಯವಸ್ಥೆಯಲ್ಲಿ ರೋಗಿಯ ಬಳಿ ಜಿಲ್ಲಾ ಆಸ್ಪತ್ರೆಯ ವೈದ್ಯರಿದ್ದರು. ಇನ್ನೊಂದು ತುದಿಯಲ್ಲಿ ಹೃದ್ರೋಗ ತಜ್ಞರಿದ್ದರು.

2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರವು ದೂರವೈದ್ಯಕೀಯ ಸೇವೆಯ ಮಾರ್ಗಸೂಚಿಯನ್ನು ಪ್ರಕಟಿಸಿತು. ಇ-ಸಂಜೀವಿನಿ ಸೇವೆಯು ಕೋವಿಡ್ ಅವಧಿಯಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು. 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಾದ್ಯಂತ ಆರಂಭಗೊಂಡಿತು. ಇದರ ಫಲವಾಗಿ ಪರಿಸ್ಥಿತಿ ಬದಲಾಗಿದೆ. ಸಂವೇದಕವು ತೋರಿಸುವ ಅಂಕಿಯನ್ನು ಮೊದಲು ನೋಡುವವರು ಈಗ ಅನೇಕ ಸಂದರ್ಭಗಳಲ್ಲಿ ತಜ್ಞರಲ್ಲ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಶುಶ್ರೂಷಕಿ, ಆಶಾ ಕಾರ್ಯಕರ್ತೆ ಅಥವಾ ರೋಗಿಯ ಮನೆಯವರು.

ಅಂಕಿಯೊಂದೇ ಸಾಲದು

ಪಲ್ಸ್ ಆಕ್ಸಿಮೀಟರ್ ಇದಕ್ಕೆ ಉತ್ತಮ ಉದಾಹರಣೆ. ಜಪಾನಿನ ಎಂಜಿನಿಯರ್ ತಕುವೊ ಅಓಯಾಗಿ ಅವರು 1970ರ ದಶಕದಲ್ಲಿ ಕಂಡುಹಿಡಿದ ತತ್ತ್ವವನ್ನು ಈ ಉಪಕರಣ ಆಧರಿಸಿದೆ. ಬೆರಳಿನ ಮೂಲಕ ಕೆಂಪು ಹಾಗೂ ಅವಕೆಂಪು ಬೆಳಕನ್ನು ಹಾಯಿಸಿ, ನಾಡಿಯ ಪ್ರತಿ ಮಿಡಿತದಲ್ಲಿ ರಕ್ತವು ಎಷ್ಟು ಬೆಳಕನ್ನು ಹೀರುತ್ತದೆ ಎಂಬುದರಿಂದ ಆಮ್ಲಜನಕದ ಪ್ರಮಾಣವನ್ನು ಅದು ಲೆಕ್ಕ ಹಾಕುತ್ತದೆ. ಆದುದರಿಂದ ಅದು ನೀಡುವುದು ಅಂದಾಜು ಮಾತ್ರ. ತಣ್ಣಗಿನ ಬೆರಳು, ಕುಂದಿದ ರಕ್ತಸಂಚಾರ, ಉಗುರಿನ ಬಣ್ಣ, ಕೈಯ ಅಲುಗಾಟ ಇವೆಲ್ಲವೂ ಅಂಕಿಯನ್ನು ವ್ಯತ್ಯಾಸಗೊಳಿಸಬಲ್ಲವು.

ಚರ್ಮದ ಬಣ್ಣವೂ ಇದಕ್ಕೆ ಹೊರತಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಕ್ಸಿಮೀಟರ್ ಶೇ. 92ರಿಂದ 96 ತೋರಿಸಿದ ಸಂದರ್ಭಗಳನ್ನು ಅಪಧಮನಿ ರಕ್ತ ಪರೀಕ್ಷೆಯೊಂದಿಗೆ ಹೋಲಿಸಲಾಯಿತು. ಕಪ್ಪು ವರ್ಣದ ರೋಗಿಗಳಲ್ಲಿ ಶೇ. 11.7ರಷ್ಟು ಹಾಗೂ ಬಿಳಿ ವರ್ಣದ ರೋಗಿಗಳಲ್ಲಿ ಶೇ. 3.6ರಷ್ಟು ಸಂದರ್ಭಗಳಲ್ಲಿ ಆಮ್ಲಜನಕವು ವಾಸ್ತವವಾಗಿ ಶೇ. 88ಕ್ಕಿಂತ ಕೆಳಗಿತ್ತು. ಚರ್ಮದ ಬಣ್ಣದಲ್ಲಿ ಅಪಾರ ವೈವಿಧ್ಯವಿರುವ ನಮ್ಮ ದೇಶಕ್ಕೆ ಈ ಎಚ್ಚರಿಕೆ ಮಹತ್ವದ್ದು. ತಪ್ಪು ಅಂಕಿಯನ್ನು ನಂಬಿದಲ್ಲಿ ತಡವಾಗುವುದು ಚಿಕಿತ್ಸೆ, ಅಪಾಯಕ್ಕೊಳಗಾಗುವುದು ಜೀವ.

ವರ್ಚುವಲ್ ರಿಯಾಲಿಟಿಯ ಪಾತ್ರ

ಇಂತಹ ಸೂಕ್ಷ್ಮಗಳನ್ನು ಉಪನ್ಯಾಸದಿಂದ ತಿಳಿಸಬಹುದಾದರೂ ಅಭ್ಯಾಸದಿಂದಲೇ ರೂಢಿಸಬೇಕಾಗುತ್ತದೆ. ರೋಗಿಯ ಮೇಲೆ ತಪ್ಪು ಮಾಡಿ ಕಲಿಯುವುದು ಸಲ್ಲದು. ತಲೆಗೆ ಧರಿಸುವ ಉಪಕರಣದ ಮೂಲಕ ಕಣ್ಣಮುಂದೆ ಕೃತಕ ಸನ್ನಿವೇಶವನ್ನು ಮೂಡಿಸುವ ವರ್ಚುವಲ್ ರಿಯಾಲಿಟಿ ಇಲ್ಲಿ ನೆರವಾಗಬಲ್ಲದು.

ಒಂದು ಪಾಠವನ್ನು ಹೀಗೆ ರೂಪಿಸಬಹುದು. ಕಲಿಯುವವರ ಎದುರು ಉಪಕೇಂದ್ರವೊಂದು ಕಾಣುತ್ತದೆ. ವೃದ್ಧೆಯೊಬ್ಬರು ಏದುಸಿರು ಬಿಡುತ್ತಿದ್ದಾರೆ. ಉಪಕರಣ ಮಾತ್ರ 97 ಎಂದು ತೋರಿಸುತ್ತಿದೆ. ಅಂಕಿಯನ್ನು ನಂಬಿ ಮನೆಗೆ ಕಳುಹಿಸಬೇಕೆ, ಬೆರಳು ಬೆಚ್ಚಗೆ ಮಾಡಿ ಮತ್ತೆ ಅಳೆಯಬೇಕೆ, ಉಸಿರಾಟದ ಗತಿಯನ್ನು ಎಣಿಸಿ ಕೂಡಲೇ ವೈದ್ಯರಿಗೆ ತಿಳಿಸಬೇಕೆ ಎಂಬುದನ್ನು ಕಲಿಯುವವರು ತೀರ್ಮಾನಿಸಬೇಕು. ತೀರ್ಮಾನದ ಪರಿಣಾಮವು ಅಲ್ಲಿಯೇ ಗೋಚರಿಸುತ್ತದೆ. ಬೆಳಕು ಬೆರಳಿನೊಳಗೆ ಹಾಯುವ ಬಗೆಯನ್ನೂ ಅದೇ ಪಾಠದಲ್ಲಿ ತೋರಿಸಲು ಸಾಧ್ಯ.

ಈ ವಿಧಾನಕ್ಕೆ ಆಧಾರವಿಲ್ಲದಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 16 ಶಸ್ತ್ರಚಿಕಿತ್ಸಾ ವಿದ್ಯಾರ್ಥಿಗಳನ್ನು ಒಳಗೊಂಡು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂಪ್ಯೂಟರ್ ಪರದೆಯ ವರ್ಚುವಲ್ ರಿಯಾಲಿಟಿಯಲ್ಲಿ ತರಬೇತಿ ಪಡೆದವರು ಪಿತ್ತಕೋಶದ ಶಸ್ತ್ರಚಿಕಿತ್ಸೆಯ ಒಂದು ಹಂತವನ್ನು ಶೇ. 29ರಷ್ಟು ವೇಗವಾಗಿ, ಕಡಿಮೆ ತಪ್ಪುಗಳೊಂದಿಗೆ ಪೂರೈಸಿದರು. ಆದರೆ ಅದು ಕೈಚಳಕದ ಪರೀಕ್ಷೆ. ಅಂಕಿಯನ್ನು ಸಂದೇಹಿಸಿ ನಿರ್ಧರಿಸುವ ವಿವೇಕವು ಬೇರೆಯೇ ಆದುದರಿಂದ, ಅದರ ತರಬೇತಿಯ ಫಲಿತಾಂಶವನ್ನೂ ಪ್ರತ್ಯೇಕವಾಗಿ ಅಳೆಯುವುದು ಅಗತ್ಯ.

ಇತಿಮಿತಿಗಳು

ಉಪಕರಣಗಳ ವೆಚ್ಚ, ಕೆಲವರಲ್ಲಿ ಉಂಟಾಗುವ ತಲೆಸುತ್ತು ಹಾಗೂ ಕಣ್ಣಿನ ಆಯಾಸ, ನಿರ್ವಹಣೆಯ ತೊಂದರೆ ಇವು ಗಮನಿಸಬೇಕಾದ ಅಂಶಗಳು. ಪಾಠಗಳು ಕಲಿಯುವವರ ಭಾಷೆಯಲ್ಲಿ ಇರಬೇಕು. ಸನ್ನಿವೇಶಗಳು ವಿದೇಶಿ ಆಸ್ಪತ್ರೆಯದಾಗಿರದೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ್ದಾಗಿರಬೇಕು. ವಿದ್ಯುತ್ ಕಡಿತ, ಮೊಬೈಲ್ ಸಂಪರ್ಕ ಕಡಿತದಂತಹ ಅಡಚಣೆಗಳೂ ಪಾಠದ ಭಾಗವಾಗಬೇಕು. ರೋಗಿಯ ಕೈ ಮುಟ್ಟಿ, ಮುಖ ನೋಡಿ, ಮಾತು ಕೇಳಿ ತಿಳಿಯುವ ಕಲಿಕೆಗೆ ಕೃತಕ ಸನ್ನಿವೇಶವು ಪೂರಕವೇ ಹೊರತು ಪರ್ಯಾಯವಲ್ಲ.

ಮಾಹಿತಿಯ ಗೋಪ್ಯತೆಯೂ ಅಷ್ಟೇ ಮುಖ್ಯ. ಇದಕ್ಕಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವನ್ನು ರೂಪಿಸಲಾಗಿದೆ. ರೋಗಿಯ ಒಪ್ಪಿಗೆಯನ್ನು ಕೇಳುವ ಕ್ರಮವನ್ನೂ ತರಬೇತಿಯಲ್ಲಿ ಕಲಿಸುವುದು ಸೂಕ್ತ.

ಸಾರ್ವಜನಿಕರ ಗಮನಕ್ಕೆ

* ಪಲ್ಸ್ ಆಕ್ಸಿಮೀಟರ್ ಬಳಸುವ ಮುನ್ನ ಉಗುರಿನ ಬಣ್ಣ ತೆಗೆದು, ಬೆರಳನ್ನು ಬೆಚ್ಚಗಿರಿಸಿ, ಕೆಲವು ನಿಮಿಷ ವಿಶ್ರಮಿಸಿ, ಕೈ ಅಲುಗಿಸದೆ ಅಳೆಯುವುದು.
* ಅಂಕಿ ಸರಿಯಾಗಿದ್ದರೂ ಉಸಿರಾಟದ ತೊಂದರೆ, ಎದೆನೋವು ಅಥವಾ ಮಂಪರು ಕಂಡುಬಂದಲ್ಲಿ ಕಾಯದೆ ವೈದ್ಯರನ್ನು ಕಾಣುವುದು. ತುರ್ತು ಸಂದರ್ಭದಲ್ಲಿ 108ಕ್ಕೆ ಕರೆ ಮಾಡುವುದು.
* ಆರೋಗ್ಯ ಮಾಹಿತಿಯನ್ನು ಯಾರಿಗೆ, ಯಾವ ಉದ್ದೇಶಕ್ಕೆ ನೀಡಲಾಗುತ್ತಿದೆ ಎಂಬುದನ್ನು ಕೇಳಿ ತಿಳಿದ ನಂತರವೇ ಒಪ್ಪಿಗೆ ನೀಡುವುದು.

ಸಂವೇದಕವು ಅಳೆಯುತ್ತದೆ, ಅರ್ಥೈಸುವ ಹೊಣೆ ಮನುಷ್ಯನದು. ಆ ಹೊಣೆಗೆ ಸಿಬ್ಬಂದಿಯನ್ನು ಸಜ್ಜುಗೊಳಿಸಿದಾಗ ಮಾತ್ರ ಡಿಜಿಟಲ್ ಆರೋಗ್ಯ ಸೇವೆಯ ಪ್ರಯೋಜನವು ಕಟ್ಟಕಡೆಯ ಹಳ್ಳಿಗೂ ಸುರಕ್ಷಿತವಾಗಿ ತಲುಪುತ್ತದೆ.