ನೀರು ತಿರುಗಿಸುವ ಮುನ್ನ ಡಾಲ್ಫಿನ್‌ ಎಣಿಸಿ

ಮಹದಾಯಿ ಎಂದರೆ ಬೆಳಗಾವಿ ಭಾಗದವರಿಗೆ ತಟ್ಟನೆ ನೆನಪಾಗುವುದು ಟಿಎಂಸಿ ಲೆಕ್ಕ. 2018ರ ಆಗಸ್ಟ್‌ 14ರ ಐತೀರ್ಪಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟಿದ್ದು 13.42 ಟಿಎಂಸಿ ಅಡಿ. ಅದರಲ್ಲಿ ಮಲಪ್ರಭಾ ನದಿಗೆ ತಿರುಗಿಸಬಹುದಾದದ್ದು ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18. ನೀರನ್ನು ದಶಾಂಶದ ಎರಡನೇ ಸ್ಥಾನದವರೆಗೆ ಅಳೆದ ಈ ವಿವಾದದಲ್ಲಿ, ಆ ನೀರು ಕೊನೆಗೆ ಸೇರುವ ಅಳಿವೆಯ ಜೀವಿಗಳ ಲೆಕ್ಕ ಕೇಳಿದವರು ಕಡಿಮೆ.

ಖಾನಾಪುರ ತಾಲ್ಲೂಕಿನ ದೇಗಾಂವ ಬಳಿ ಹುಟ್ಟುವ ಮಹದಾಯಿ, ಗೋವಾದಲ್ಲಿ ಮಾಂಡೋವಿಯಾಗಿ ಪಣಜಿಯ ಬಳಿ ಕಡಲು ಸೇರುತ್ತದೆ. ಅಲ್ಲಿನ ದಂಡೆಯಂಚಿನ ನೀರು ಗೂನುಬೆನ್ನಿನ ಡಾಲ್ಫಿನ್‌ಗಳ ನೆಲೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್‌) ಪಟ್ಟಿಯಲ್ಲಿ ಇದು ಅಳಿವಿನ ಅಪಾಯದಲ್ಲಿರುವ ಪ್ರಭೇದ. ಆಳ ಸಮುದ್ರಕ್ಕೆ ಹೋಗದೆ ದಡದ ಪಕ್ಕದಲ್ಲೇ ಬದುಕುವ ಇದಕ್ಕೆ ಮೀನುಬಲೆ, ಬಾರ್ಜು, ಪ್ರವಾಸಿ ದೋಣಿ, ಬಂದರು ಎಲ್ಲವೂ ಎದುರಾಗುತ್ತವೆ. ನದಿ ತರುವ ಸಿಹಿನೀರು ಮತ್ತು ಪೋಷಕಾಂಶ ಅಳಿವೆಯ ಮೀನುಗಳಿಗೆ ಆಧಾರ, ಆ ಮೀನು ಡಾಲ್ಫಿನ್‌ಗೆ ಆಹಾರ.

ಹಾಗಾದರೆ ನೀರು ತಿರುಗಿಸಿದರೆ ಡಾಲ್ಫಿನ್‌ಗೆ ಧಕ್ಕೆಯೇ? ಮಹದಾಯಿಯ ವಾರ್ಷಿಕ 188.06 ಟಿಎಂಸಿ ಅಡಿ ನೀರಿನಲ್ಲಿ ಮಲಪ್ರಭೆಗೆ ತಿರುಗಿಸುವ 3.9 ಎಂದರೆ ಸುಮಾರು ಶೇ 2 ಮಾತ್ರ, ಏನೂ ಆಗದು ಎಂದು ನಾವು ವಾದಿಸಬಹುದು. ಆದರೆ ಆ ನೀರಿನಲ್ಲಿ ಬಹುಪಾಲು ಮಳೆಗಾಲದ ನಾಲ್ಕು ತಿಂಗಳಲ್ಲೇ ಹರಿದುಹೋಗುತ್ತದೆ. ಅಳಿವೆಗೆ ಮುಖ್ಯವಾದದ್ದು ಬೇಸಿಗೆಯ ಹರಿವು. ವಾರ್ಷಿಕ ಲೆಕ್ಕ ಅದನ್ನು ಮರೆಮಾಚುತ್ತದೆ. ಧಕ್ಕೆ ಖಚಿತ ಎನ್ನುವುದೂ, ಧಕ್ಕೆಯೇ ಇಲ್ಲ ಎನ್ನುವುದೂ ಎಣಿಕೆಯಿಲ್ಲದೆ ಬರೀ ಊಹೆ.

ಎಣಿಸುವುದು ಸುಲಭವಲ್ಲ ನಿಜ. ಡಾಲ್ಫಿನ್‌ ಉಸಿರಿಗೆಂದು ಕೆಲವೇ ಕ್ಷಣ ಮೇಲೆ ಬರುತ್ತದೆ. ಭೀಮಗಡದ ಕಾಡಿನಲ್ಲಿ ಹುಲಿಯನ್ನು ಪಟ್ಟೆಯಿಂದ ಗುರುತಿಸಿದಂತೆ, ಇಲ್ಲಿ ಬೆನ್ನಿನ ಈಜುರೆಕ್ಕೆಯ ಗೀರು, ಸೀಳುಗಳಿಂದ ಒಂದೊಂದನ್ನೂ ಗುರುತಿಸುತ್ತಾರೆ. ಮೊದಲ ಸುತ್ತಿನಲ್ಲಿ 40 ಡಾಲ್ಫಿನ್‌ಗಳ ಫೋಟೊ ಸಿಕ್ಕಿತು, ಎರಡನೇ ಸುತ್ತಿನಲ್ಲಿ ಸಿಕ್ಕ 50ರಲ್ಲಿ 20 ಹಳೆಯವೇ ಎಂದಿಟ್ಟುಕೊಳ್ಳಿ. 40ನ್ನು 50ರಿಂದ ಗುಣಿಸಿ 20ರಿಂದ ಭಾಗಿಸಿದರೆ ಒಟ್ಟು ಸುಮಾರು 100 ಎಂಬ ಅಂದಾಜು ಬರುತ್ತದೆ. ಡಾಲ್ಫಿನ್‌ನ ಸಂಬಂಧಿಯಾದ, ಬೆನ್ನಿನ ರೆಕ್ಕೆಯೇ ಇಲ್ಲದ ಕಡಲಹಂದಿಗೆ ಈ ಉಪಾಯ ನಡೆಯದು. ಅದಕ್ಕೆ ದೋಣಿಯಲ್ಲಿ ನೇರ ಗೆರೆಯಂತೆ ಸಾಗಿ, ಕಂಡ ಪ್ರತಿ ಗುಂಪಿನ ದೂರ ಮತ್ತು ಕೋನ ಬರೆದುಕೊಂಡು, ಕಣ್ತಪ್ಪಿದವುಗಳ ಪಾಲನ್ನೂ ಗಣಿತದಿಂದ ಸೇರಿಸಬೇಕು. ಇಲ್ಲವೇ ನೀರಿನಡಿ ಮೈಕ್‌ ಇಳಿಸಿ ಸದ್ದು ಆಲಿಸಬೇಕು.

ಒಂದು ಬಾರಿಯ ಎಣಿಕೆಯಿಂದ ಪ್ರಯೋಜನ ಅಷ್ಟಕ್ಕಷ್ಟೇ. ಸಂತತಿ 15 ವರ್ಷದಲ್ಲಿ ಅರ್ಧಕ್ಕೆ ಕುಸಿದರೂ, ಅಮೆರಿಕದ ಅಂದಿನ ಸಮೀಕ್ಷೆಗಳಿಗೆ ಡಾಲ್ಫಿನ್‌ ಮತ್ತು ಕಡಲಹಂದಿಗಳ ಶೇ 78ರಷ್ಟು ಪ್ರಕರಣಗಳಲ್ಲಿ ಆ ಕುಸಿತ ಗೊತ್ತೇ ಆಗುತ್ತಿರಲಿಲ್ಲ ಎಂದು 2007ರ ಅಧ್ಯಯನವೊಂದು ಹೇಳಿತು. ಅಷ್ಟು ಹಡಗು, ಹಣ ಇದ್ದ ದೇಶದ ಸ್ಥಿತಿಯೇ ಹೀಗೆ.

ಎಲ್ಲಿ ಹುಡುಕುತ್ತೇವೆ ಎನ್ನುವುದೂ ಮುಖ್ಯ. ಇದಕ್ಕೆ ಖಾನಾಪುರದಲ್ಲೇ ಸಾಕ್ಷಿ ಇದೆ. ತಳೇವಾಡಿ ಬಳಿಯ ಬಾರಾಪೇಡೆ ಗುಹೆಯ ರೌಟನ್‌ ಬಾವಲಿಯನ್ನು ವಿಜ್ಞಾನ ಲೋಕ ದಾಖಲಿಸಿದ್ದು 1913ರಲ್ಲಿ. ಜಗತ್ತಿನಲ್ಲಿ ಅದಕ್ಕೆ ಇದೊಂದೇ ನೆಲೆ ಎಂದು ದಶಕಗಳ ಕಾಲ ನಂಬಲಾಗಿತ್ತು. ಮುಂದೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಅದು ಸಿಕ್ಕಿತು. ತೀವ್ರ ಅಪಾಯದ ಪಟ್ಟಿಯಲ್ಲಿದ್ದ ಬಾವಲಿ ‘ಮಾಹಿತಿ ಸಾಲದು’ ಎಂಬ ಪಟ್ಟಿಗೆ ಹೋಯಿತು. ಬಾವಲಿ ಸುರಕ್ಷಿತ ಎಂದು ಇದರರ್ಥವಲ್ಲ, ನಮ್ಮ ಹುಡುಕಾಟ ಸಾಲದು ಎಂದರ್ಥ.

ದೇಶದಲ್ಲಿ ಮಾದರಿ ಇಲ್ಲದಿಲ್ಲ. ಡಾಲ್ಫಿನ್‌ ಯೋಜನೆಯಡಿ 8 ರಾಜ್ಯಗಳ 28 ನದಿಗಳಲ್ಲಿ 8,500 ಕಿ.ಮೀ.ಗೂ ಹೆಚ್ಚು ಸಾಗಿ, 6,327 ನದಿ ಡಾಲ್ಫಿನ್‌ಗಳಿವೆ ಎಂಬ ಅಂದಾಜನ್ನು 2025ರ ಮಾರ್ಚ್‌ನಲ್ಲಿ ಪ್ರಕಟಿಸಲಾಯಿತು. ರಾಜ್ಯಗಳ ಗಡಿ ದಾಟಿ ಒಂದೇ ಕಾರ್ಯಕ್ರಮವಾಗಿ ಮಾಡಿದ್ದೇ ಅದರ ಬಲ. ಪಶ್ಚಿಮ ಕರಾವಳಿಯಲ್ಲಿ ಮಹಾರಾಷ್ಟ್ರದ ಮಾಲ್ವಣದಿಂದ ಕಾರವಾರದವರೆಗಿನ ಪಟ್ಟಿಯನ್ನು ಅದೇ ರೀತಿ ಒಂದೇ ಘಟಕವಾಗಿ ನೋಡಬೇಕು. ಮಹದಾಯಿ ಐತೀರ್ಪಿನ ಜಾರಿಗೆಂದು ಕೇಂದ್ರ 2023ರಲ್ಲಿ ರಚಿಸಿದ ‘ಪ್ರವಾಹ್‌’ ಪ್ರಾಧಿಕಾರದಲ್ಲಿ ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ರಾಜ್ಯಗಳಿವೆ. ಬೇಸಿಗೆಯ ಹರಿವಿನ ಅಳತೆ ಹಾಗೂ ಅಳಿವೆಯ ಡಾಲ್ಫಿನ್‌ ಎಣಿಕೆ ಎರಡನ್ನೂ ಒಟ್ಟಿಗೆ, ಪ್ರತಿವರ್ಷ, ಒಂದೇ ವಿಧಾನದಲ್ಲಿ ಮಾಡಿಸಲು ಅದು ಮುಂದಾಗಲಿ.

ಮೀನುಗಾರರನ್ನು ಬಿಟ್ಟು ಈ ಲೆಕ್ಕ ಪೂರ್ತಿಯಾಗದು. ಡಾಲ್ಫಿನ್‌ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಬಲೆಗೆ ಬಿದ್ದು ಸತ್ತದ್ದನ್ನು ತಿಳಿಸಿದರೆ ಕೇಸು ಬೀಳಬಹುದೆಂಬ ಅಂಜಿಕೆ ಇದ್ದರೆ ಯಾರು ತಾನೆ ಬಾಯಿ ಬಿಡುತ್ತಾರೆ? ಅಚಾತುರ್ಯದಿಂದಾದ ಸಾವಿನ ಮಾಹಿತಿ ಕೊಟ್ಟವರಿಗೆ ತೊಂದರೆಯಿಲ್ಲ ಎಂಬ ಲಿಖಿತ ಭರವಸೆ ಬೇಕು.

ಈ ಎಣಿಕೆ, ನೀರು ತಿರುಗಿಸುವುದನ್ನು ವಿರೋಧಿಸುವ ಗೋವಾದ ಕೈಗೆ ಅಸ್ತ್ರ ಕೊಟ್ಟಂತೆ ಎಂದು ಕೆಲವರು ಹೇಳಬಹುದು. ಈ ಯೋಜನೆಯ ಹಿಂದಿರುವ ಹುಬ್ಬಳ್ಳಿ–ಧಾರವಾಡದ ಕುಡಿಯುವ ನೀರಿನ ಬೇಡಿಕೆ ನ್ಯಾಯವಾದದ್ದೇ. ಆ ಬೇಡಿಕೆಗೆ ಪುರಾವೆಯ ಬಲ ಸಿಗುವುದು ಈ ಲೆಕ್ಕದಿಂದ. ಧಕ್ಕೆಯಿಲ್ಲ ಎಂದು ಕಂಡರೆ ನಮ್ಮ ವಾದ ಗಟ್ಟಿಯಾಗುತ್ತದೆ. ಧಕ್ಕೆ ಕಂಡರೆ ನೀರು ಎತ್ತುವ ತಿಂಗಳುಗಳನ್ನು ಬದಲಿಸಲು ಅವಕಾಶ ಉಳಿದಿರುತ್ತದೆ. ಆದರೆ ಮುಂದೆ ಹೋಲಿಸಿ ನೋಡಲು ಮೊದಲಿನ ಸ್ಥಿತಿಯ ಲೆಕ್ಕ ಕೈಯಲ್ಲಿರಬೇಕು. ಕಾಲುವೆಗೆ ನೀರು ಬಿಟ್ಟ ಮೇಲೆ ಆ ಲೆಕ್ಕವನ್ನು ಎಷ್ಟು ಹಣ ಸುರಿದರೂ ಪಡೆಯಲಾಗದು.